ಕಪಾಟು ಜುಮ್ಮೆಂದದ್ದು

ದೆವ್ವ ಪತ್ತೆ ಹಚ್ಚುವ ಯಂತ್ರ ಎಂದು ಫೋನಿನಲ್ಲಿ ಮಾರುವ ಆ ಮೀಟರನ್ನು ನಾನು ತರಿಸಿದ್ದು ದೆವ್ವ ಇಲ್ಲವೆಂದು ಮಕ್ಕಳಿಗೆ ತೋರಿಸುವುದಕ್ಕೆ.

ನಾನು ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿಗಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಕಲಿಸುವುದು ಮರಾಠಿಯಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ಕನ್ನಡ ಮನೆಯ ಮಾತು. ತವರೂರು ಕರಜಗಿಯ ಕನ್ನಡ ಶಾಲೆಯಲ್ಲಿ ಕಲಿತದ್ದರಿಂದ ನನಗೆ ಓದಲು ಬರೆಯಲು ಬರುತ್ತದೆ, ನನ್ನ ಮಕ್ಕಳಿಗೆ ಬರುವುದಿಲ್ಲ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣವಿರಬಹುದು. ಮೇಜಿನ ಮೇಲೆ ಬಿಟ್ಟು ಎದ್ದರೂ ಮನೆಯಲ್ಲಿ ಯಾರೂ ಓದಲಾರರು.

ನಮ್ಮ ಕಾಲೇಜಿನ ಹಿಂದಿನ ಕಟ್ಟಡದಲ್ಲಿ ಮುರಿದ ಬೆಂಚುಗಳನ್ನು ತುಂಬಿಟ್ಟ ಒಂದು ಕೋಣೆಯಿದೆ. ಅಲ್ಲಿ ಯಾರೋ ಹೆಂಗಸು ಅಳುತ್ತಾಳೆ ಎಂದು ಸುದ್ದಿ ಹಬ್ಬಿತ್ತು. ಹುಡುಗಿಯರು ಆ ಕಡೆಯ ನಳಕ್ಕೆ ನೀರು ಕುಡಿಯಲು ಹೋಗುವುದನ್ನೇ ಬಿಟ್ಟಿದ್ದರು. ಅವರೆಲ್ಲ ಫೋನಿನಲ್ಲಿ ದೆವ್ವ ಹುಡುಕುವವರ ವಿಡಿಯೋ ನೋಡುವವರು. ಪಾಳುಮನೆಗಳಲ್ಲಿ ಮೀಟರ್ ಹಿಡಿದು ಓಡಾಡುವುದು, ಕೆಂಪು ದೀಪ ಹತ್ತಿದ ಕೂಡಲೇ ಹೆದರಿ ಹಿಂದೆ ಸರಿಯುವುದು, ಅಂಥವು. ಇವರಿಗೆ ಬಾಯಿಮಾತಿನಲ್ಲಿ ಹೇಳಿದರೆ ಆಗದು, ಅದೇ ಯಂತ್ರ ತಂದು ತೋರಿಸಬೇಕು ಅನಿಸಿತು. ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಎರಡಕ್ಕೂ ದೀಪ ಹತ್ತುವ ಮೀಟರು, ದೂರದಿಂದಲೇ ಶಾಖ ಅಳೆಯುವ ಥರ್ಮಾಮೀಟರು ತರಿಸಿದೆ. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಆ ಕೋಣೆಗೆ ಹೋದೆ. ಮೂಲೆಗೆ ಹೋದಾಗ ಮೀಟರಿನ ದೀಪ ಕೆಂಪಾಯಿತು. ಮುಂದಿದ್ದ ಹುಡುಗಿಯರು ಹಿಂದಿದ್ದವರ ಕಾಲು ತುಳಿದರು. ನಾನು ಬೆಂಚುಗಳನ್ನು ಸರಿಸಿ, ಗೋಡೆಯ ಮೇಲಿದ್ದ ಹಳೆಯ ಫ್ಯೂಸ್ ಡಬ್ಬಿಯನ್ನು ತೋರಿಸಿದೆ. ಅಳುವ ಸದ್ದು ನಳದ ಪೈಪಿನದು, ಒಂದು ತಿರುವು ಬಿಗಿ ಮಾಡಿದಾಗ ನಿಂತಿತು. ದೀಪ ಹತ್ತಿದರೆ ಮೊದಲು ವೈರ್ ಹುಡುಕಬೇಕು, ಸಿಗದಿದ್ದರೆ ಮತ್ತೆ ಹುಡುಕಬೇಕು ಎಂದು ಅವರಿಗೆ ಹೇಳಿದೆ. ಯಾರೋ ಅದನ್ನೆಲ್ಲ ವಿಡಿಯೋ ಮಾಡಿದರು. ಅದು ಊರೆಲ್ಲ ತಿರುಗಿತು. ಸ್ಟಾಫ್ ರೂಮಿನಲ್ಲಿ ಕೆಲವು ದಿನ ನನ್ನನ್ನು ಮಾಂತ್ರಿಕಳೆಂದು ಕರೆದು ನಕ್ಕರು. ನನಗೂ ಒಳಗೊಳಗೆ ಖುಷಿಯಾಗಿತ್ತು.

ಆ ವಿಡಿಯೋ ನೋಡಿಯೇ ಅಕ್ಕನ ಮಗ ಅಕ್ಕಲಕೋಟೆಯಿಂದ ಫೋನ್ ಮಾಡಿದ.

ಅಕ್ಕ ನನಗಿಂತ ಹಿರಿಯಳು, ಅಕ್ಕಲಕೋಟೆಗೆ ಕೊಟ್ಟಿದ್ದು. ಅವಳ ಗಂಡನನ್ನು ನಾನು ಮಾಮಾ ಎಂದು ಕರೆಯುತ್ತಿದ್ದೆ. ದೇವಸ್ಥಾನದ ಹತ್ತಿರದ ಓಣಿಯಲ್ಲಿ ಅವರದು ಅಂಗಡಿ. ಸೊಲ್ಲಾಪುರದ ಚಾದರು, ಟಾವೆಲುಗಳನ್ನು ಯಾತ್ರಿಕರಿಗೆ ಮಾರುವುದು. ಕೆಳಗೆ ಅಂಗಡಿ, ಮೇಲೆ ಮನೆ. ಮಾಮಾನ ಪುಪ್ಪುಸ ಕೆಟ್ಟು, ಕೊನೆಯ ತಿಂಗಳುಗಳಲ್ಲಿ ಮನೆಯಲ್ಲೇ ಆಕ್ಸಿಜನ್ ಮಷೀನಿನ ಮೇಲಿದ್ದರು. ಚಳಿ ಮುಗಿಯುವ ಹೊತ್ತಿಗೆ ಹೋದರು. ಆಮೇಲೆ ಅಂಗಡಿಯನ್ನು ಮಗನೇ ನೋಡಿಕೊಳ್ಳುತ್ತಿದ್ದ. ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮೇಲೆ ಮನೆಯಲ್ಲಿ ಹಗಲೆಲ್ಲ ಅಕ್ಕ ಒಬ್ಬಳೇ.

"ಮಾವಶಿ, ಅವ್ವ ಕಪಾಟಿನ ಜೋಡಿ ಮಾತಾಡಾಕತ್ತಾಳ," ಎಂದ ಅವನು. ಅಪ್ಪ ಅಲ್ಲಿದ್ದಾನೆ ಅನ್ನುತ್ತಾಳಂತೆ. ಊಟದ ಮೇಲೆ ಲಕ್ಷ್ಯವಿಲ್ಲ, ಹೊರಗೆ ಬರುವುದಿಲ್ಲ, ದಿನಾ ಮಧ್ಯಾಹ್ನ ಕಪಾಟಿನ ಬಾಗಿಲ ಮೇಲೆ ಕೈಯಿಟ್ಟು ನಿಂತುಬಿಡುತ್ತಾಳೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಸಿಟ್ಟಿಗೇಳುತ್ತಾಳೆ. "ನಿನ್ನ ಮಷೀನ್ ತೊಗೊಂಡ್ ಬಾ. ಏನೂ ಇಲ್ಲ ಅಂತ ತೋರ್ಸು. ನೀ ಹೇಳಿದ್ರ ಕೇಳ್ತಾಳ."

ಅದು ನಿಜ. ಅಕ್ಕ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ನಾನು ಶಾಲೆಯಿಂದ ಬಂದು ಏನು ಹೇಳಿದರೂ, ಭೂಮಿ ತಿರುಗುತ್ತದೆ ಅಂದರೂ, ಹಾಲಿನಲ್ಲಿ ನೀರಿದೆ ಅಂದರೂ, ಸಾಲಿ ಕಲಿತಾಕಿ ಹೇಳ್ಯಾಳ ಎಂದು ಓಣಿಯಲ್ಲೆಲ್ಲ ಹೇಳಿ ಬರುತ್ತಿದ್ದಳು. ನಾನು ಸುಳ್ಳು ಹೇಳಬಹುದೆಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ನಾನು ಹೋದದ್ದು ಒಂದು ಗುರುವಾರ, ಕಾಲೇಜಿಗೆ ರಜೆಯಿತ್ತು. ಮಳೆಗಾಲ ಶುರುವಾಗಿತ್ತು. ಗುರುವಾರದ ಯಾತ್ರಿಕರಿಂದ ಬಸ್ಸು ಕಿಕ್ಕಿರಿದಿತ್ತು. ಮೀಟರು, ಥರ್ಮಾಮೀಟರು ಚೀಲದಲ್ಲಿದ್ದವು. ಪರ್ಸಿನಲ್ಲಿ ಯಾವಾಗಲೂ ಇರುವ ಟೆಸ್ಟರು ಇತ್ತು, ಸಣ್ಣ ಸ್ಕ್ರೂಡ್ರೈವರಿನಂಥದು, ಕರೆಂಟು ಇದ್ದಲ್ಲಿ ತುದಿ ಮುಟ್ಟಿಸಿದರೆ ಒಳಗಿನ ದೀಪ ಹತ್ತುತ್ತದೆ. ಪ್ರಯೋಗಾಲಯದಲ್ಲಿ ಬೇಕಾಗುತ್ತದೆಂದು ಇಟ್ಟುಕೊಂಡಿದ್ದು.

ಅಕ್ಕ ಇಳಿದುಹೋಗಿದ್ದಳು. ಕೊರಳಿನ ಎಲುಬು ಕಾಣುತ್ತಿತ್ತು. ನನಗೆ ರೊಟ್ಟಿ, ಶೇಂಗಾಚಟ್ನಿ, ಮೊಸರು ಬಡಿಸಿ ತಾನು ನೀರು ಕುಡಿದು ಎದುರಿಗೆ ಕೂತಳು. ಮಗ ಎಲ್ಲ ಹೇಳಿರಬೇಕಲ್ಲ ಎಂದು ತಾನೇ ಮಾತು ತೆಗೆದಳು. ನಾನು ಸೋದರಿಯಾಗಿ ಬಂದಿಲ್ಲ, ಪರೀಕ್ಷೆ ಮಾಡಲು ಬಂದಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಬೇಜಾರೇನೂ ಮಾಡಿಕೊಂಡಿರಲಿಲ್ಲ. ಮಾಡು, ನೋಡೇ ಬಿಡೋಣ ಎಂಬ ಹುರುಪು ಅವಳ ಮುಖದಲ್ಲಿತ್ತು.

ಮೊದಲು ಥರ್ಮಾಮೀಟರು. ಮಾಮಾನ ಮಂಚ, ಕುರ್ಚಿ, ಗೋಡೆ, ಎಲ್ಲ ಒಂದೇ ಶಾಖ. ಆಮೇಲೆ ನನ್ನ ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ ಅದನ್ನು ಕೋಣೆಯೊಳಗಿಟ್ಟು ಬಾಗಿಲು ಎಳೆದುಕೊಂಡು ಇಬ್ಬರೂ ಹೊರಗೆ ಕೂತೆವು. ತೆಗೆದು ಕೇಳಿದರೆ, ಯಾವುದೋ ಮಗು ತಪ್ಪಿಸಿಕೊಂಡಿದೆ, ನೀಲಿ ಅಂಗಿ ಹಾಕಿದೆ ಎಂದು ಮರಾಠಿಯಲ್ಲಿ ಕೂಗುವ ಧ್ವನಿವರ್ಧಕ, ಪಕ್ಕದ ಮನೆಯ ಕುಕ್ಕರು, ಕೆಳಗೆ ಅಕ್ಕನ ಮಗ ಗಿರಾಕಿಯೊಂದಿಗೆ ಚೌಕಾಶಿ ಮಾಡುವುದು. ಅಕ್ಕ ನಕ್ಕಳು. ಮಾಮಾ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಆಗಲೇ. ಅಪ್ಪನಕಿಂತ ಕಡಿಮಿಗೆ ಕೊಡ್ತಾನ ಇವ ಅಂದಳು.

ಮೀಟರು ಮಂಚದ ಮೇಲೆ ಸುಮ್ಮನಿತ್ತು, ಕುರ್ಚಿಯ ಮೇಲೂ ಸುಮ್ಮನಿತ್ತು. ಕಪಾಟಿನ ಕಡೆಗೆ ಒಯ್ದ ಕೂಡಲೇ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಹೋಗಿ ಕಿರ್ರೆನ್ನತೊಡಗಿತು.

ಅದು ದೊಡ್ಡ ಕಬ್ಬಿಣದ ಕಪಾಟು, ಮದುವೆಯಲ್ಲಿ ಬಂದದ್ದು. ಒಳಗೆ ಮಾಮಾನ ಬಟ್ಟೆಗಳಿದ್ದವು. ಅಕ್ಕನನ್ನು ಬಿಟ್ಟರೆ ಯಾರೂ ಅದನ್ನು ತೆಗೆಯುತ್ತಿರಲಿಲ್ಲ. ಅಕ್ಕ ಕೂಗಲಿಲ್ಲ, ಬೆಚ್ಚಿಬೀಳಲಿಲ್ಲ. ನನ್ನ ಪಕ್ಕಕ್ಕೆ ಬಂದು ಅಂಗೈಯನ್ನು ಬಾಗಿಲ ಮೇಲೆ ಚಪ್ಪಟೆಯಾಗಿ ಇಟ್ಟಳು.

"ಮಗಗೂ ಹೇಳಿಲ್ಲ ಇದು. ನಿನಗ ಹೇಳಾಕತ್ತೀನಿ. ಕೈ ಇಟ್ರ ಜುಮ್ ಅಂತೈತಿ. ಕಡೀ ದಿನದಾಗ ಅವರಿಗೆ ಮಾತಾಡಾಕ ಆಗ್ತಿದ್ದಿಲ್ಲಲ್ಲ, ನನ್ನ ಕೈ ಹಿಡಿತಿದ್ರು. ಬಟ್ಟು ನಡಗ್ತಿದ್ವು. ಹಿಂಗ, ಇದರಂಗ."

ನಾನೂ ಕೈಯಿಟ್ಟೆ. ಸಣ್ಣಗೆ, ಸತತವಾಗಿ ಅಂಗೈಯಲ್ಲಿ ಏನೋ ಹರಿದಂತೆ. ಅದು ಏನೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಲಿಲ್ಲ, ಅನುಮಾನ ಬಂತು ಎಂದು ಆಮೇಲೆ ಹಲವು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಗೊತ್ತಾಗಿತ್ತು. ಎಲ್ಲೋ ವೈರು ಕಪಾಟಿಗೆ ತಾಗಿದೆ, ಕರೆಂಟು ಸೋರುತ್ತಿದೆ. ನನ್ನ ಪರ್ಸು ಮಂಚದ ಮೇಲೆ ಕೈಗೆ ಎಟುಕುವಂತೆ ಇತ್ತು. ಟೆಸ್ಟರು ತೆಗೆದು ಬಾಗಿಲಿಗೆ ಮುಟ್ಟಿಸಿದ್ದರೆ ಅದರ ದೀಪ ಹತ್ತುತ್ತಿತ್ತು, ಅಕ್ಕನೂ ನೋಡುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಕ್ಕನ ಕೈ ನನ್ನ ಕೈಯ ಪಕ್ಕದಲ್ಲೇ ಇತ್ತು. ಅವಳು ನನ್ನ ಮುಖ ನೋಡುತ್ತಿದ್ದಳು. ಮೈಮೇಲೆ ಕೂದಲು ನಿಮಿರಿದ್ದೂ ಸುಳ್ಳಲ್ಲ. ಅದು ಕರೆಂಟಿಗೋ, ಅವಳು ಹೇಳಿದ ನಡುಗುವ ಬೆರಳುಗಳ ಮಾತಿಗೋ ನನಗೆ ತಿಳಿಯದು.

"ಐತಲ್ಲ?" ಎಂದಳು.

"ಐತಿ ಅಕ್ಕಾ," ಎಂದೆ. "ಏನೋ ಐತಿ."

ಅವಳು ಕೈ ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡಳು. ಅಡುಗೆಮನೆಗೆ ಹೋಗಿ ತಟ್ಟೆಯಲ್ಲಿ ರೊಟ್ಟಿ ಹಾಕಿಕೊಂಡು ಬಂದು ನನ್ನ ಎದುರಿಗೆ ಕೂತು ಉಂಡಳು. ಮೊಸರು ಸಾಲದೆಂದು ಮತ್ತೆ ಎದ್ದು ಹೋಗಿ ತಂದಳು. ಅವಳು ಉಣ್ಣುವುದನ್ನು ನೋಡುತ್ತ, ಇವತ್ತು ಬೇಡ, ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ.

ಕೆಳಗಿಳಿದಾಗ ಅಂಗಡಿ ತುಂಬಾ ಜನ. ಅಕ್ಕನ ಮಗ ಚಾದರುಗಳನ್ನು ಬಿಚ್ಚಿ ಬಿಚ್ಚಿ ತೋರಿಸುತ್ತಿದ್ದ. ಅವ್ವನಿಗೆ ಹೇಳಿದೆಯಾ ಎಂದು ಕಣ್ಣಲ್ಲೇ ಕೇಳಿದ. ಉಣ್ಣಾಕತ್ತಾಳ, ಇರಲಿ ಬಿಡು, ಇನ್ನೊಮ್ಮೆ ಬಂದು ಹೇಳುತ್ತೇನೆ ಎಂದೆ. ಅಂಗಡಿಯ ಮೆಟ್ಟಿಲು ಇಳಿಯುವಾಗ ತಿರುಗಿ ನಿಂತು, ಮೇಲಿನ ವೈರಿಂಗ್ ಹಳೆಯದಾಗಿದೆ, ಒಮ್ಮೆ ಯಾರಿಗಾದರೂ ತೋರಿಸು ಅಂತಲೂ ಅಂದೆ. ಅವನು ಹೂಂ ಮಾವಶಿ ಎಂದು ಗಿರಾಕಿಗಳ ಕಡೆ ತಿರುಗಿದ. ಯಾಕೆ ತೋರಿಸಬೇಕು, ಎಲ್ಲಿ ತೋರಿಸಬೇಕು ಎಂದು ನಾನು ಹೇಳಲಿಲ್ಲ. ಅಷ್ಟು ಹೇಳಿದ್ದೇ ದೊಡ್ಡದಾಗಿ ಕಂಡು ಬಸ್ಸಿನಲ್ಲಿ ನಿದ್ದೆ ಮಾಡಿದೆ.

ಆಮೇಲೆ ಅಕ್ಕ ಫೋನ್ ಮಾಡತೊಡಗಿದಳು. ಮೊದಲು ಹಬ್ಬ ಹುಣ್ಣಿಮೆಗೆ ಮಾಡುತ್ತಿದ್ದವಳು ಈಗ ಸಂಜೆ ನಾನು ಕಾಲೇಜಿನಿಂದ ಬಂದು ಚಹಾ ಕುಡಿಯುವ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದಳು. ಇವತ್ತು ಏನು ಮಾತಾಡಿದೆ ಎಂದು ಹೇಳುವಳು. ಬದುಕಿದ್ದಾಗ ಮಾಮಾನ ಎದುರು ಆಡದ ಮಾತುಗಳನ್ನೆಲ್ಲ ಅವಳು ಕಪಾಟಿನ ಮುಂದೆ ಆಡುತ್ತಿದ್ದಳು. ನಮ್ಮವ್ವ ಹಾಸಿಗೆ ಹಿಡಿದಾಗ ಅಂಗಡಿಯ ಸೀಸನ್ ಎಂದು ಅವರು ಕರಜಗಿಗೆ ಕಳಿಸಿರಲಿಲ್ಲ. ಆ ಸಿಟ್ಟು ಇಷ್ಟು ವರ್ಷ ಅವಳಲ್ಲಿ ಇತ್ತೆಂದು ನನಗೇ ಗೊತ್ತಿರಲಿಲ್ಲ. ಅದನ್ನು ಹೇಳಿ ಅತ್ತಳಂತೆ. ಅತ್ತ ಮೇಲೆ ಕೈಯಿಟ್ಟರೆ ಜುಮ್ಮೆನ್ನುವುದು ಜೋರಾಗಿತ್ತಂತೆ. ಅವರಿಗೂ ಕೆಟ್ಟನಿಸಿರಬೇಕು ಅಲ್ಲೇನು ಎಂದು ನನ್ನನ್ನು ಕೇಳಿದಳು. ನಾನು ಹೂಂ ಎಂದೆ.

ಜೋರಾಗಿತ್ತು ಎಂಬ ಮಾತು ಕೇಳಿದಾಗಲಾದರೂ ನಾನು ಏಳಬೇಕಿತ್ತು. ಹೊರಗೆ ಮಳೆ ಬರುತ್ತಿತ್ತು. ಗೋಡೆ ತೇವ ಎಳೆದಷ್ಟೂ ಕರೆಂಟು ಹೆಚ್ಚು ಸೋರುತ್ತದೆ ಎಂದು ತರಗತಿಯಲ್ಲಿ ಹೇಳಿಕೊಡುವವಳು ನಾನೇ. ಎದ್ದು ಅಡುಗೆಗೆ ಇಟ್ಟೆ. ಮುಂದಿನ ವಾರ ಹೋಗೋಣ ಎಂದುಕೊಂಡೆ. ಪರೀಕ್ಷೆಯ ಪೇಪರುಗಳಿದ್ದವು, ಅದೂ ಇದೂ ಇತ್ತು. ನಿಜ ಹೇಳಬೇಕೆಂದರೆ ಆ ಫೋನುಗಳು ನನಗೂ ಬೇಕಾಗಿದ್ದವು. ಅಕ್ಕ ನನ್ನೊಂದಿಗೆ ಅಷ್ಟು ಮಾತಾಡಿದ್ದು ಜನ್ಮದಲ್ಲಿ ಇರಲಿಲ್ಲ.

ಒಂದು ಸಂಜೆ ಅಕ್ಕನ ಫೋನಿನಿಂದ ಬೇರೆ ಹೆಂಗಸಿನ ಧ್ವನಿ ಬಂತು. ಅದೇ ಓಣಿಯವಳು, ಎದುರುಮನೆಯಾಕೆ. ಬೆಳೆದ ಮಗಳನ್ನು ಜ್ವರದಲ್ಲಿ ಕಳೆದುಕೊಂಡವಳು. ನಾನು ಮಾಮಾನ ಮಣ್ಣಿಗೆ ಹೋದಾಗ ನೋಡಿದ್ದೆ. ಅಕ್ಕ ಅವಳಿಗೆ ಎಲ್ಲ ಹೇಳಿದ್ದಳು.

"ಬಾಯಾರ," ಎಂದಳು ಆಕೆ, ಶಾಲೆಯ ಶಿಕ್ಷಕಿಯರನ್ನು ಕರೆಯುವಂತೆ, ಬಹಳ ಮರ್ಯಾದೆಯಿಂದ. "ನಮ್ಮ ಮನಿಗೂ ಒಮ್ಮಿ ಆ ಮಷೀನ್ ತೊಗೊಂಡ್ ಬರ್ರಿ. ಆಕೀ ಖೋಲಿ ಹಂಗ ಇಟ್ಟೀನ್ರಿ. ಆಕಿ ಅದಾಳೋ ಇಲ್ಲೋ, ಅಷ್ಟ ಹೇಳ್ರಿ ಸಾಕು."

ನೋಡುತ್ತೇನೆ, ಬಿಡುವಾದಾಗ ಬರುತ್ತೇನೆ ಎಂದು ಏನೋ ಹೇಳಿ ಫೋನ್ ಇಟ್ಟೆ. ಆ ಕೋಣೆಯಲ್ಲೂ ಗೋಡೆಯೊಳಗೆ ವೈರು ಇರುತ್ತದೆ. ಮೀಟರು ಅಲ್ಲೂ ಎಲ್ಲೋ ಒಂದು ಕಡೆ ಕೆಂಪಾಗುತ್ತದೆ. ಆಗ ಆ ತಾಯಿಗೆ ಏನು ಹೇಳುವುದು? ಈ ಭಾನುವಾರ ಹೋಗಿ ಅಕ್ಕನಿಗೆ ಹೇಳಿಯೇ ಬಿಡಬೇಕು ಎಂದು ನಿಶ್ಚಯ ಮಾಡಿದೆ.

ಭಾನುವಾರ ಬರುವುದರೊಳಗೆ ಅಕ್ಕನ ಮಗನ ಫೋನು ಬಂತು. ನಾನು ಕಾಲೇಜಿಗೆ ಹೊರಟು ಆಟೋಕ್ಕೆ ಕಾಯುತ್ತಿದ್ದೆ. ಅವ್ವ ಕೋಣೆಯಲ್ಲಿ ಬಿದ್ದಳು, ಮಂಚದ ಅಂಚಿಗೆ ತಲೆ ತಾಗಿದೆ, ಕೈಯೂ ಮುರಿದಂತೆ ಕಾಣುತ್ತದೆ, ದವಾಖಾನೆಗೆ ಒಯ್ಯುತ್ತಿದ್ದೇನೆ ಎಂದ. ಸ್ನಾನ ಮಾಡಿ ಬಂದು ನಿಂತಿದ್ದಳಂತೆ, ಅಂಗಡಿಯಲ್ಲಿದ್ದ ಅವನಿಗೆ ಧಡ್ ಎಂದು ಸದ್ದು ಕೇಳಿತಂತೆ.

"ಮೇನ್ ಸ್ವಿಚ್ ಬಂದ್ ಮಾಡು ಮೊದಲ," ಎಂದೆ. "ಕಪಾಟ ಮುಟ್ಟಬ್ಯಾಡ."

"ಕಪಾಟ ಅಂತ ನಾ ಹೇಳೇ ಇಲ್ಲಲ್ಲ ಮಾವಶಿ," ಎಂದ. "ನಿನಗ ಹೆಂಗ ಗೊತ್ತು?"

ಬರುತ್ತೇನೆ ಎಂದೆ.

ಅಕ್ಕಲಕೋಟೆ ಮುಟ್ಟಿದಾಗ ಅಕ್ಕನ ತಲೆಗೆ ಹೊಲಿಗೆ ಹಾಕಿ, ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ ಮಲಗಿಸಿದ್ದರು. ಔಷಧದ ಮಂಪರಿನಲ್ಲಿದ್ದಳು. ಅಂಗೈಯ ಮೇಲೆ ಸಣ್ಣ ಬೆಳ್ಳನೆಯ ಸುಟ್ಟ ಕಲೆಯಿತ್ತು. ಡಾಕ್ಟರು ನೋಡಿ, ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದರೆ ಉಳಿಯುತ್ತಿರಲಿಲ್ಲ, ಅಂಗೈ ಚಪ್ಪಟೆಯಾಗಿ ಇಟ್ಟಿದ್ದರಿಂದ ಎಸೆದುಬಿಟ್ಟಿದೆ, ದೊಡ್ಡ ದೈವ ಎಂದರು.

ಮನೆಗೆ ಹೋಗಿ, ಮೇನ್ ಸ್ವಿಚ್ ಬಂದಾಗಿದೆಯೇ ಎಂದು ಮತ್ತೆ ಮತ್ತೆ ನೋಡಿ, ನಾನೂ ಅಕ್ಕನ ಮಗನೂ ಸೇರಿ ಕಪಾಟನ್ನು ಎಳೆದೆವು. ಹಿಂದೆ ಗೋಡೆಗುಂಟ ಒಂದು ಬಿಳಿ ವೈರು ಬಂದಿತ್ತು. ಆಕ್ಸಿಜನ್ ಮಷೀನು ತಂದ ದಿನ ಮಂಚದ ಹತ್ತಿರ ಪ್ಲಗ್ಗು ಇಲ್ಲವೆಂದು ಅಕ್ಕನ ಮಗನೇ ಅವಸರದಲ್ಲಿ ಪಕ್ಕದ ಕೋಣೆಯಿಂದ ಎಳೆದದ್ದು. ಅವನು ಮೊಳೆ ಹೊಡೆಯುವಾಗ ಸ್ಟೂಲು ಅಲುಗದಂತೆ ಹಿಡಿದವಳು ನಾನು. ಮಾಮಾ ಹೋದ ಮೇಲೆ ಮಷೀನು ವಾಪಸ್ಸು ಹೋಯಿತು. ಕೋಣೆಗೆ ಸುಣ್ಣ ಹೊಡೆಸಿ ಕಪಾಟನ್ನು ಆ ಗೋಡೆಗೆ ಒತ್ತಿ ಇಟ್ಟರು. ವೈರನ್ನು ತೆಗೆಯುವುದು ಯಾರಿಗೂ ನೆನಪಾಗಲಿಲ್ಲ. ಕಪಾಟಿನ ಹಿಂದಿನ ಅಂಚು ಅದರ ಮೇಲೆ ಕೂತು, ದಿನ ಹೋದಂತೆ ಒತ್ತಿ ಒತ್ತಿ ಒಳಗಿನ ತಾಮ್ರ ಕಾಣುತ್ತಿತ್ತು.

ಅವನು ಆ ವೈರನ್ನು ನೋಡುತ್ತ ಮಂಚದ ಮೇಲೆ ಕುಸಿದು ಕೂತ. ಅವನಿಗೆ ಎಲ್ಲವೂ ಒಮ್ಮೆಲೇ ಅರ್ಥವಾಗಿತ್ತು. ಮುಂದಿನ ತಿಂಗಳು ಹೆಂಡತಿ, ಕೂಸು ಇದೇ ಮನೆಗೆ ಬರುವವರಿದ್ದರು.

ತಪ್ಪು ನಿನ್ನದಲ್ಲ ಎಂದೆ. ನಾನು ಆ ದಿನ ಮುಟ್ಟಿ ನೋಡಿದ್ದೆ, ನನಗೆ ಗೊತ್ತಾಗಿತ್ತು ಎಂದೂ ಹೇಳಿದೆ.

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ನಲ್ಲ, ವೈರಿಂಗ್ ತೋರ್ಸು ಅಂತ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ಬಂದ ಮೇಲೆ ನುಂಗಲಾಗಲಿಲ್ಲ. ಅವನು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಗುರುತು ಸಿಗದವರನ್ನು ನೋಡುವಂತೆ ನೋಡಿದ. ಎದ್ದು ಕೆಳಗೆ ಹೋದ. ನಾನು ವೈರನ್ನು ಕಿತ್ತು ಸುತ್ತಿ, ಪಕ್ಕದ ಕೋಣೆಯಲ್ಲಿ ಅದರ ಬುಡವನ್ನೂ ಬಿಚ್ಚಿ ತೆಗೆದೆ. ಮೇನ್ ಹಾಕಿ ಟೆಸ್ಟರನ್ನು ಕಪಾಟಿಗೆ ಮುಟ್ಟಿಸಿದೆ. ದೀಪ ಹತ್ತಲಿಲ್ಲ.

ಅಕ್ಕ ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. ಮಂಚದ ಮೇಲೆ ಕೂರಿಸಿದೆವು. ಸ್ವಲ್ಪ ಹೊತ್ತಿಗೆ ಅವಳೇ ಎದ್ದು ಹೋಗಿ, ಎಡಗೈಯನ್ನು ಕಪಾಟಿನ ಮೇಲೆ ಇಟ್ಟಳು. ಅವಳಿಗೆ ಕರೆಂಟು ಎಂದು ಯಾರೂ ಇನ್ನೂ ಹೇಳಿರಲಿಲ್ಲ. ತಲೆ ತಿರುಗಿ ಬಿದ್ದೆ ಅಂತಲೇ ತಿಳಿದಿದ್ದಳು. ಕೈಯನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸರಿಸಿದಳು. ಹಿಡಿಕೆಯನ್ನು ಮುಟ್ಟಿದಳು. ಕಿವಿ ಹಚ್ಚಿದಳು.

"ಹೋಗ್ಯಾರ," ಎಂದಳು.

ಅಕ್ಕನ ಮಗ ನನ್ನ ಮುಖ ನೋಡಿದ. ಹೇಳುವುದು ನನ್ನ ಪಾಲಿನದು ಎಂದು ಆ ನೋಟದಲ್ಲಿತ್ತು. ಹೇಳಿದೆ. ವೈರು, ಸುಣ್ಣ, ಕಪಾಟು ಸರಿಸಿದ್ದು, ಮಳೆ, ಎಲ್ಲ ಹೇಳಿದೆ. ತರಗತಿಯಲ್ಲಿ ಹೇಳುವಂತೆ ಒಂದರ ಹಿಂದೊಂದು ಹೇಳಿದೆ. ಬೇರೆ ರೀತಿ ಬರಲಿಲ್ಲ. ಅವಳು ನಿಂತುಕೊಂಡೇ ಕೇಳಿದಳು.

"ಅವತ್ತ ನಿನಗ ಗೊತ್ತಿತ್ತೇನು?"

"ಹೂಂ."

"ದಿನಾ ಸಂಜಿಕ ನಾ ಫೋನ್ ಮಾಡಿ ಹೇಳ್ತಿದ್ನಿ. ಅವರ ಹಂಗಂದ್ರು, ನಾ ಹಿಂಗಂದ್ನಿ ಅಂತ. ನೀ ಹೂಂ ಅಂತಿದ್ದಿ."

ಕೈ ಮುರಿದದ್ದನ್ನಾಗಲಿ, ಸಾಯಬಹುದಿತ್ತು ಎಂಬುದನ್ನಾಗಲಿ ಅವಳು ಎತ್ತಲಿಲ್ಲ. ಕಬ್ಬಿಣದ ಮುಂದೆ ನಿಂತು ಗಂಡನಿಗೆ ಹೇಳದ್ದನ್ನೆಲ್ಲ ಹೇಳಿ ಅತ್ತದ್ದು, ಅದನ್ನು ಮತ್ತೆ ನನಗೆ ಹೇಳಿದ್ದು, ನಾನು ತಿಳಿದೂ ತಿಳಿದೂ ಕೇಳಿಸಿಕೊಂಡದ್ದು, ಅದೇ ಅವಳಿಗೆ ಚುಚ್ಚಿತ್ತು. ಹೋಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಅಕ್ಕಾ ಎಂದು ಕರೆದೆ. ಏಳಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ನಾನು ಹೋಗತೊಡಗಿದೆ. ಬೇಡ ಎಂದು ಅವಳು ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಅಡುಗೆ ಮಾಡುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಒಂದು ಕೈಯಲ್ಲಿ ಅವಳಿಗೆ ಆಗದೆಂದು ತಲೆ ಬಾಚಿ ಹೆಣಲು ಹಾಕುತ್ತಿದ್ದೆ. ಹೊಲಿಗೆ ಹಾಕಿದ ಜಾಗಕ್ಕೆ ಬಾಚಣಿಗೆ ತಾಗದಂತೆ ಮೆಲ್ಲಗೆ ಬಾಚುತ್ತಿದ್ದೆ. ಬೇಕಾದ್ದಕ್ಕೆ ಮಾತ್ರ ಮಾತು. ಉಪ್ಪು ಹೆಚ್ಚಾಯಿತು, ಕಿಟಕಿ ಮುಚ್ಚು, ಅಷ್ಟೇ. ಸಂಜೆಯ ಫೋನು ನಿಂತೇಹೋಯಿತು. ಆ ಹೊತ್ತಿಗೆ ಚಹಾದ ಲೋಟ ಹಿಡಿದು ಕೂತರೆ, ಯಾವುದೋ ಕಂಪನಿಯ ಫೋನು ಬಂದರೂ ಎದ್ದು ಓಡುತ್ತಿದ್ದೆ.

ಅಂಥ ಒಂದು ಭಾನುವಾರ ಎದುರುಮನೆಯಾಕೆ ಬಂದಳು. ನಾನು ಬಂದದ್ದನ್ನು ನೋಡಿಯೇ ಬಂದಿದ್ದಳು. ಕೈಯಲ್ಲಿ ನನಗಾಗಿ ಒಂದು ಡಬ್ಬಿ ಶೇಂಗಾಹೋಳಿಗೆ. ಅಕ್ಕನ ಕೈ ವಿಚಾರಿಸಿದಳು, ಅದೂ ಇದೂ ಮಾತಾಡಿದಳು. ಆಮೇಲೆ ನನ್ನ ಕಡೆ ತಿರುಗಿ, ಮಷೀನು ತಂದಿದ್ದೀರಾ ಎಂದು ಕೇಳಿದಳು. ಮಗಳ ಕೋಣೆಯನ್ನು ಆ ಬೆಳಿಗ್ಗೆಯೇ ಗುಡಿಸಿ ಸಾರಿಸಿ ಬಂದಿದ್ದಳು.

ಈಗ ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಮಾತಾಡಿದಳು.

"ಅದರಾಗ ಏನೂ ಇಲ್ಲ ಯವ್ವಾ. ನಂದು ಕರೆಂಟ್ ಇತ್ತು, ಬರೇ ಕರೆಂಟ್. ವೈರ್ ಹತ್ತಿತ್ತು ಕಪಾಟಿಗೆ. ನಮ್ಮ ತಂಗಿ ಮೊದಲನೇ ದಿನಾನ ಹೇಳಿದ್ಲು. ಅಕ್ಕಾ, ಇದು ಕರೆಂಟ್ ಐತಿ, ಮುಟ್ಟಬ್ಯಾಡ ಅಂತ. ನಾನ ಕೇಳಲಿಲ್ಲ. ಈಗ ನೋಡು ಕೈ ಮುರ್ಕೊಂಡು ಕುಂತೀನಿ."

ಎದುರುಮನೆಯಾಕೆ ನನ್ನನ್ನು ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.

ಆಕೆಯ ಮುಖದಲ್ಲಿ ಏನೋ ಆರಿಹೋದದ್ದು ಕಂಡಿತು. ಅಂದರೆ ಮಷೀನಿಗೆ ಕರೆಂಟೇ ಗೊತ್ತಾಗುವುದು, ಬೇರೆ ಗೊತ್ತಾಗುವುದಿಲ್ಲ ಅನ್ನಿ ಎಂದಳು. ಇಲ್ಲ, ಬೇರೆ ಗೊತ್ತಾಗುವುದಿಲ್ಲ ಎಂದೆ. ಆ ಒಂದು ಮಾತು ಮಾತ್ರ ನಾನು ನಿಜ ಹೇಳಿದ್ದು. ಡಬ್ಬಿ ಆಮೇಲೆ ಕಳಿಸಿರಿ ಎಂದು ಆಕೆ ಎದ್ದು ಹೋದಳು.

ಆಕೆ ಮೆಟ್ಟಿಲಿಳಿದ ಮೇಲೆ, ಅಕ್ಕಾ, ಹಾಗೇಕೆ ಹೇಳಿದೆ ಎಂದು ಕೇಳಿದೆ. ಅವಳು ನನ್ನನ್ನು ಕ್ಷಮಿಸಿದ್ದಾಳೆ, ನನ್ನ ಮಾನ ಉಳಿಸಿದ್ದಾಳೆ ಎಂದು ಎದೆ ತುಂಬಿ ಬಂದಿತ್ತು.

"ನೀ ಗೊತ್ತಿದ್ದೂ ಸುಳ್ಳ ಹೇಳಿದಿ ಅಂದ್ರ, ಈಗ ಹೇಳಾಕತ್ತಿದ್ದ ಆಕಿ ಹೆಂಗ ನಂಬಬೇಕು? ಇಂಥ ಮಷೀನ್ ಇದ್ದ ಮತ್ತೊಬ್ಬರ ಬೆನ್ನ ಹತ್ತತಿದ್ಲು." ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲೆ ಸರಿ ಮಾಡಿಕೊಂಡಳು. "ಆಕೀ ಸಲುವಾಗಿ ಹೇಳೀನಿ. ನಿನ್ನ ಸಲುವಾಗಿ ಅಲ್ಲ."

ನಾನು ಎದ್ದು ಅಡುಗೆಮನೆಗೆ ಹೋದೆ. ಚಹಾಕ್ಕೆ ಇಟ್ಟೆ. ಅಲ್ಲಿ ನಿಂತು ಅತ್ತೆ. ಅವಳಿಗೆ ಕೇಳಿಸಿರಬೇಕು, ಒಂದು ಗೋಡೆಯ ಅಂತರ. ಕರೆಯಲಿಲ್ಲ. ಚಹಾ ಒಯ್ದು ಕೊಟ್ಟಾಗ ಎಡಗೈಯಲ್ಲಿ ತೆಗೆದುಕೊಂಡು ಕುಡಿದಳು.

ಕೈ ಕೂಡಿತು. ಸೊಸೆ, ಮೊಮ್ಮಗಳು ಬಂದರು. ಅಕ್ಕನ ಮಗ ಮನೆಯ ವೈರಿಂಗನ್ನೆಲ್ಲ ಹೊಸದಾಗಿ ಮಾಡಿಸಿದ. ಎಲ್ಲ ಮುಗಿದ ಮೇಲೆ ನನ್ನನ್ನು ಕರೆಸಿ, ಒಮ್ಮೆ ನೋಡು ಮಾವಶಿ ಎಂದ. ನಾನು ಕೋಣೆಯಿಂದ ಕೋಣೆಗೆ ಹೋಗಿ ಪ್ರತಿಯೊಂದು ಪ್ಲಗ್ಗನ್ನೂ ನೋಡಿದೆ. ಅವನು ಹಿಂದೆಯೇ ಬಂದು, ನಾನು ಸರಿಯಿದೆ ಎಂದ ಮೇಲೂ ತಾನೊಮ್ಮೆ ನೋಡಿದ. ಅದು ಸರಿಯೇ. ಮಾಮಾನ ಬಟ್ಟೆಗಳನ್ನು ಅಕ್ಕ ಮಠಕ್ಕೆ ಕೊಟ್ಟಳಂತೆ. ಕಪಾಟಿನಲ್ಲಿ ಈಗ ಕೂಸಿನ ಕುಲಾವಿ, ದುಪಟಿಗಳಿವೆ.

ಈಚೆಗೆ ಅಕ್ಕ ಮತ್ತೆ ಫೋನ್ ಮಾಡುತ್ತಾಳೆ, ಆಗೊಮ್ಮೆ ಈಗೊಮ್ಮೆ. ಕೂಸಿಗೆ ಹಲ್ಲು ಬರುತ್ತಿರುವುದು, ನೀರು ಬಾರದಿರುವುದು, ಸೊಸೆಯ ಕೈರುಚಿ, ಎಲ್ಲ ಹೇಳುತ್ತಾಳೆ. ನಗುತ್ತಾಳೆ ಕೂಡ. ಎದುರುಮನೆಯಾಕೆ ಮಗಳ ಕೋಣೆಯನ್ನು ಬಾಡಿಗೆಗೆ ಕೊಟ್ಟಳೆಂದೂ ಹೇಳಿದಳು. ಮಾಮಾನ ಮಾತು ಮಾತ್ರ ತೆಗೆಯುವುದಿಲ್ಲ. ನಾನು ಒಂದೆರಡು ಸಲ ತೆಗೆದೆ. ಅವಳು ಕೂಸು ಎದ್ದಿದೆ, ಇಡತೀನಿ ಎಂದು ಫೋನ್ ಇಟ್ಟಳು. ಈಗ ನಾನೂ ತೆಗೆಯುವುದಿಲ್ಲ. ಅವರ ವಿಷಯ ಅವಳು ಯಾರೊಂದಿಗೆ ಮಾತಾಡುತ್ತಾಳೋ, ಮಾತಾಡುತ್ತಾಳೋ ಇಲ್ಲವೋ, ನನಗೆ ತಿಳಿಯದು.